ವೃತ್ತಿ ಪ್ರಶ್ನೋತ್ತರ: ರದ್ದು ಮಾಡುವ ಬಟನ್ ಎಲ್ಲಿರಬೇಕೆಂದು ಯಾರು ನಿರ್ಧರಿಸಬೇಕು?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಆ್ಯಪ್ ಮತ್ತು ಜಾಲತಾಣಗಳ ಬಳಕೆದಾರ ಅನುಭವವನ್ನು, ಅಂದರೆ ಯುಎಕ್ಸ್ ಅನ್ನು, ವಿನ್ಯಾಸ ಮಾಡುವವರದ್ದು. ಬರೆದವರ ಮತ್ತು ಅವರ ಕಂಪನಿಗಳ ಹೆಸರುಗಳನ್ನು ಕೈಬಿಟ್ಟಿದ್ದೇವೆ. ಮೊದಲ ಪ್ರಶ್ನೆಗೆ ಹೆಚ್ಚು ಜಾಗ ಸಂದಿದೆ, ಏಕೆಂದರೆ ಉಳಿದ ಹಲವು ಪ್ರಶ್ನೆಗಳ ಬೇರು ಅದರಲ್ಲಿಯೇ ಇದೆ.

ಪ್ರಶ್ನೆ: ನಾನು ಮೂರು ವರ್ಷಗಳಿಂದ ಯುಎಕ್ಸ್ ಡಿಸೈನರ್ ಆಗಿದ್ದೇನೆ. ನಮ್ಮದು ತಿಂಗಳ ಚಂದಾ ಪಡೆಯುವ ಆ್ಯಪ್. ಚಂದಾ ರದ್ದು ಮಾಡುವವರ ಸಂಖ್ಯೆಯನ್ನು ಈ ತ್ರೈಮಾಸಿಕದಲ್ಲಿ ಇಳಿಸಲೇಬೇಕೆಂದು ಪ್ರಾಡಕ್ಟ್ ಮ್ಯಾನೇಜರ್ ಸೂಚನೆ ಕೊಟ್ಟಿದ್ದಾರೆ. ಖಾತೆಯ ಪುಟದಲ್ಲಿರುವ ‘ಚಂದಾ ರದ್ದು ಮಾಡಿ’ ಬಟನ್ ಅನ್ನು ಸಹಾಯದ ಪುಟದ ಕೊನೆಗೆ ಸಾಗಿಸಬೇಕು. ಅದನ್ನು ಒತ್ತಿದವರು ಮೂರು ಪುಟಗಳನ್ನು ದಾಟಬೇಕು. ಕೊನೆಯ ಪುಟದಲ್ಲಿ ‘ಮುಂದುವರಿಯಿರಿ’ ಎಂಬ ದೊಡ್ಡ ಬಣ್ಣದ ಬಟನ್ ಒತ್ತಿದರೆ ಚಂದಾ ಉಳಿಯಬೇಕು, ರದ್ದಾಗಬೇಕಾದರೆ ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿರುವ ‘ಇಲ್ಲ, ನನಗೆ ಉಳಿತಾಯ ಬೇಡ’ ಎಂಬ ಸಾಲನ್ನು ಒತ್ತಬೇಕು. ಎಲ್ಲರೂ ಮಾಡುವುದನ್ನೇ ನಾವೂ ಮಾಡುತ್ತಿದ್ದೇವೆ ಎಂಬುದು ಅವರ ಸಮರ್ಥನೆ. ಇನ್ನೇನು ನನ್ನ ಬಡ್ತಿಯ ಪರಿಶೀಲನೆ ಬರಲಿದೆ. ಒಪ್ಪದಿದ್ದರೆ ತಂಡದೊಂದಿಗೆ ಹೊಂದಿಕೊಳ್ಳದವರು ಎಂಬ ಹೆಸರು ಬರುತ್ತದೆ. ಏನು ಮಾಡಲಿ?

ಉತ್ತರ: ಸೂಚನೆಯನ್ನು ಇಡಿಯಾಗಿ ಒಪ್ಪುವುದೋ ಇಡಿಯಾಗಿ ತಳ್ಳಿಹಾಕುವುದೋ ಎಂದು ಯೋಚಿಸುವ ಮೊದಲು ಅದನ್ನು ಬಿಡಿಸಿ ನೋಡಿ. ಬಿಟ್ಟು ಹೊರಟವರಿಗೆ ಒಮ್ಮೆ ರಿಯಾಯಿತಿ ತೋರಿಸಿ, ಇನ್ನೂ ಇರುತ್ತೀರಾ ಎಂದು ಕೇಳುವುದು ವ್ಯಾಪಾರ, ಅದರಲ್ಲಿ ತಪ್ಪೇನಿಲ್ಲ. ಅದೇ ಮಾತನ್ನು ಮೂರು ಪುಟಗಳಲ್ಲಿ ಕೇಳುವುದು ಕಿರಿಕಿರಿ. ಬಟನ್ ಅನ್ನು ಯಾರೂ ಹುಡುಕದ ಜಾಗಕ್ಕೆ ಸಾಗಿಸಿದರೆ ಅದು ಬಚ್ಚಿಡುವ ಕೆಲಸ. ಕೊನೆಯ ಪುಟದ ‘ಮುಂದುವರಿಯಿರಿ’ ಮಾತ್ರ ನೇರ ವಂಚನೆ. ರದ್ದು ಮಾಡಲೆಂದೇ ಪುಟದಿಂದ ಪುಟಕ್ಕೆ ಬಂದವರು ಆ ಪದವನ್ನು ‘ರದ್ದತಿಯನ್ನು ಮುಂದುವರಿಸಿ’ ಎಂದೇ ಓದುತ್ತಾರೆ, ಹಾಗೆ ಓದಲಿ ಎಂದೇ ಅದನ್ನು ಅಲ್ಲಿ ಇಡಲಾಗಿದೆ. ಮನವೊಲಿಕೆಗೂ ವಂಚನೆಗೂ ನಡುವಿನ ಗೆರೆ ಎಲ್ಲಿದೆ ಎಂದು ಕಾಣದಾದಾಗ, ಆ ಪುಟದ ಉದ್ದೇಶವನ್ನು ಅದೇ ಪುಟದ ಮೇಲೆ ಬರೆದರೂ ಅದು ಕೆಲಸ ಮಾಡುತ್ತದೆಯೇ ಎಂದು ಕೇಳಿಕೊಳ್ಳಿ. ‘ನೀವು ಉಳಿಯಲಿ ಎಂದು ಈ ರಿಯಾಯಿತಿ ಕೊಡುತ್ತಿದ್ದೇವೆ’ ಎಂದು ಬರೆದರೂ ರಿಯಾಯಿತಿ ರಿಯಾಯಿತಿಯೇ. ‘ನೀವು ತಪ್ಪಾಗಿ ಒತ್ತಲಿ ಎಂದು ಈ ಬಟನ್ ಇಟ್ಟಿದ್ದೇವೆ’ ಎಂದು ಬರೆದ ಕ್ಷಣ ಆ ಬಟನ್ ನಿಷ್ಪ್ರಯೋಜಕವಾಗುತ್ತದೆ.

ಎಲ್ಲರೂ ಮಾಡುತ್ತಾರೆ ಎಂಬ ಮಾತಿಗೆ ಲೆಕ್ಕವನ್ನೇ ಮುಂದಿಡಬಹುದು. ಬಳಕೆದಾರರನ್ನು ದಾರಿ ತಪ್ಪಿಸುವ ಇಂಥ ವಿನ್ಯಾಸಗಳಿಗೆ ಬ್ರಿಟನ್ನಿನ ಯುಎಕ್ಸ್ ತಜ್ಞ ಹ್ಯಾರಿ ಬ್ರಿಗ್ನಲ್ ಅವರು 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. 2019ರಲ್ಲಿ ಪ್ರಿನ್ಸ್‌ಟನ್ ಮತ್ತು ಶಿಕಾಗೊ ವಿಶ್ವವಿದ್ಯಾಲಯಗಳ ಸಂಶೋಧಕರು ಸುಮಾರು 11,000 ಖರೀದಿ ಜಾಲತಾಣಗಳನ್ನು ಸಾಫ್ಟ್‌ವೇರ್ ಮೂಲಕ ಜಾಲಾಡಿದಾಗ ಇಂಥ 1,818 ಉದಾಹರಣೆಗಳು ಸಿಕ್ಕವು, ಮತ್ತು ಅವು ಇದ್ದದ್ದು ಶೇ 11ರಷ್ಟು ತಾಣಗಳಲ್ಲಿ. ಪುಟದ ಪಠ್ಯದಲ್ಲಿ ಕಾಣುವಂಥದ್ದನ್ನು ಮಾತ್ರ ಹುಡುಕಿದ್ದರಿಂದ ನಿಜವಾದ ಪ್ರಮಾಣ ಹೆಚ್ಚೇ ಇರಬೇಕು; ಜನಪ್ರಿಯ ತಾಣಗಳಲ್ಲಿ ಇವು ಕಾಣಸಿಗುವ ಸಂಭವ ಹೆಚ್ಚು ಎಂಬುದೂ ಅದೇ ಅಧ್ಯಯನದಲ್ಲಿ ತಿಳಿದುಬಂತು. ಹೀಗಿದ್ದರೂ ‘ಎಲ್ಲರೂ’ ಎಂಬಲ್ಲಿಗೆ ಆ ಸಂಖ್ಯೆ ತಲುಪುವುದಿಲ್ಲ.

ಒಂದು ವಾದವನ್ನು ಮಾತ್ರ ಹೂಡಬೇಡಿ: ಇದರಿಂದ ಪ್ರಯೋಜನವಾಗದು ಎಂಬ ವಾದವನ್ನು. ಪ್ರಯೋಜನವಾಗುತ್ತದೆ. 2021ರಲ್ಲಿ ಪ್ರಕಟವಾದ ಸಂಶೋಧಕರಾದ ಜೇಮಿ ಲುಗುರಿ ಮತ್ತು ಲಿಯೊರ್ ಸ್ಟ್ರಾಹಿಲೆವಿಟ್ಜ್ ಅವರ ಪ್ರಯೋಗಗಳಲ್ಲಿ, ಸೌಮ್ಯವಾದ ಡಾರ್ಕ್ ಪ್ಯಾಟರ್ನ್ ಎದುರಾದವರು ತಮಗೆ ಬೇಕಿರಲಾರದ ಸೇವೆಗೆ ಹೆಸರು ನೋಂದಾಯಿಸಿದ್ದು ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು; ಆಕ್ರಮಣಕಾರಿಯಾದವು ಎದುರಾದಾಗ ಸುಮಾರು ನಾಲ್ಕು ಪಟ್ಟು. ಆಕ್ರಮಣಕಾರಿ ವಿಧಾನ ಜನರಿಗೆ ಸಿಟ್ಟು ತರಿಸಿತು, ಸೌಮ್ಯ ವಿಧಾನ ತರಿಸಲಿಲ್ಲ. ‘ಮೋಸ ಮಾಡಿದರೆ ಬಳಕೆದಾರರು ತಿರುಗಿ ಬೀಳುತ್ತಾರೆ’ ಎಂಬ ಮಾತು ಸಭೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ, ಆದರೆ ಬಳಕೆದಾರರ ಎರಡು ಗುಂಪುಗಳಿಗೆ ಬೇರೆ ಬೇರೆ ವಿನ್ಯಾಸ ತೋರಿಸಿ ಹೋಲಿಸುವ ಎರಡು ವಾರಗಳ ಎ/ಬಿ ಟೆಸ್ಟ್‌ನಲ್ಲಿ ಸೋಲುತ್ತದೆ. ಸೋತ ಮೇಲೆ ನಿಮ್ಮ ಉಳಿದ ಮಾತುಗಳಿಗೂ ಬೆಲೆ ಕಡಿಮೆಯಾಗುತ್ತದೆ.

ನೀವು ಕೇಳಬೇಕಾದ ಪ್ರಶ್ನೆ, ಈ ಲಾಭದ ಬೆಲೆಯನ್ನು ಯಾರು, ಯಾವಾಗ ತೆರುತ್ತಾರೆ ಎಂಬುದು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಅಮೆಜಾನ್ ವಿರುದ್ಧ ಹೂಡಿದ ದಾವೆಯನ್ನು ನಿಮ್ಮ ಮ್ಯಾನೇಜರ್ ಜೊತೆ ಕುಳಿತು ಓದಬಹುದು. ಪ್ರೈಮ್ ಚಂದಾ ರದ್ದು ಮಾಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆಗಳನ್ನು ದಾಟಬೇಕಿತ್ತೆಂದೂ, ಈ ದಾರಿಗೆ ಕಂಪನಿಯೊಳಗೆ ‘ಇಲಿಯಡ್’ ಎಂಬ ಹೆಸರಿತ್ತೆಂದೂ ಅದರಲ್ಲಿ ಆರೋಪಿಸಲಾಗಿತ್ತು. (ದೀರ್ಘ ಯುದ್ಧದ ಮಹಾಕಾವ್ಯದ ಹೆಸರನ್ನು ಆರಿಸಿದವರಿಗೆ ತಾವೇನು ಕಟ್ಟುತ್ತಿದ್ದೇವೆಂಬ ಅಂದಾಜು ಇದ್ದಿರಲೇಬೇಕು.) ಕೆಲವು ಹಿರಿಯ ಅಧಿಕಾರಿಗಳನ್ನೂ ಮುಂದೆ ಪ್ರತಿವಾದಿಗಳಾಗಿ ಹೆಸರಿಸಲಾಯಿತು. ತಪ್ಪೊಪ್ಪಿಗೆಯಿಲ್ಲದೆ 2025ರ ಸೆಪ್ಟೆಂಬರ್‌ನಲ್ಲಿ ಆದ ಇತ್ಯರ್ಥದ ಮೊತ್ತ 250 ಕೋಟಿ ಡಾಲರ್: ಅದರಲ್ಲಿ 100 ಕೋಟಿ ದಂಡ, 150 ಕೋಟಿ ಗ್ರಾಹಕರಿಗೆ ಮರುಪಾವತಿ. ‘ಇಲ್ಲ, ನನಗೆ ಉಚಿತ ಸಾಗಣೆ ಬೇಡ’ ಎಂಬಂಥ ಬಟನ್ ಇನ್ನು ಮುಂದೆ ಸಲ್ಲದು ಎಂದೂ ಆಯೋಗ ಹೇಳಿತು. ನಿಮ್ಮ ಬೂದು ಅಕ್ಷರಗಳ ಸಾಲನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ಹೆಸರಿಸಿದ್ದು, ಚಂದಾ ಬಲೆ ಮತ್ತು ನಾಚಿಕೆ ಹುಟ್ಟಿಸಿ ಒಪ್ಪಿಸುವುದು ಎರಡೂ ಅದರಲ್ಲಿವೆ. ಯುರೋಪಿಯನ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆಯ 25ನೇ ವಿಧಿಯು ಆನ್‌ಲೈನ್ ವೇದಿಕೆಗಳು ಬಳಕೆದಾರರನ್ನು ವಂಚಿಸುವಂತೆ ಪುಟಗಳನ್ನು ವಿನ್ಯಾಸಗೊಳಿಸುವುದನ್ನು ನಿಷೇಧಿಸುತ್ತದೆ.

ಸಭೆಗೆ ಬರಿಗೈಯಲ್ಲಿ ಹೋಗಬೇಡಿ. ನಿಮ್ಮದೇ ಇನ್ನೊಂದು ವಿನ್ಯಾಸವನ್ನು ಮುಗಿಸಿಕೊಂಡು ಹೋಗಿ. ಬಟನ್ ಇದ್ದಲ್ಲಿಯೇ ಇರಲಿ. ಅದನ್ನು ಒತ್ತಿದ ಮೇಲೆ ಒಂದೇ ಒಂದು ಪುಟ: ಮೇಲೆ, ಚಂದಾ ಯಾವ ದಿನಾಂಕದವರೆಗೆ ನಡೆಯುತ್ತದೆ ಎಂಬ ಮಾಹಿತಿ, ನಡುವೆ, ಒಂದು ತಿಂಗಳು ತಾತ್ಕಾಲಿಕವಾಗಿ ನಿಲ್ಲಿಸುವ ಅಥವಾ ಕಡಿಮೆ ದರದ ಯೋಜನೆಗೆ ಇಳಿಯುವ ಆಯ್ಕೆ, ಕೆಳಗೆ, ಒಂದೇ ಗಾತ್ರದ ಎರಡು ಬಟನ್‌ಗಳಲ್ಲಿ ‘ಚಂದಾ ಉಳಿಸಿಕೊಳ್ಳಿ’ ಮತ್ತು ‘ಚಂದಾ ರದ್ದು ಮಾಡಿ’. ಬಿಡಲು ಕಾರಣವೇನೆಂದು ಕೇಳುವುದಿದ್ದರೆ ರದ್ದಾದ ಮೇಲೆ ಕೇಳಿ, ಉತ್ತರಿಸದೆ ಹೋಗಲೂ ಅವಕಾಶವಿರಲಿ. ಎರಡೂ ವಿನ್ಯಾಸಗಳನ್ನು ಹೋಲಿಸಿ ನೋಡುವುದಾದರೆ ರದ್ದಾದವರ ಸಂಖ್ಯೆಯೊಂದನ್ನೇ ಎಣಿಸದೆ, ಹಣ ವಾಪಸು ಕೇಳಿದವರು, ಬ್ಯಾಂಕಿನ ಮೂಲಕ ಪಾವತಿಯನ್ನು ಪ್ರಶ್ನಿಸಿದವರು, ಗ್ರಾಹಕ ಸೇವೆಗೆ ದೂರು ಕೊಟ್ಟವರು, ಆ್ಯಪ್ ತೆರೆಯದೆಯೇ ಹಣ ಕಟ್ಟುತ್ತಿರುವವರು ಎಷ್ಟು ಮಂದಿ ಎಂಬುದನ್ನೂ ಎಣಿಸಬೇಕೆಂದು ಪಟ್ಟು ಹಿಡಿಯಿರಿ. ಈ ಲೆಕ್ಕಗಳು ಸಾಮಾನ್ಯವಾಗಿ ಬೇರೆ ಬೇರೆ ವಿಭಾಗಗಳಲ್ಲಿ ಇರುವುದರಿಂದ ಅವನ್ನು ಯಾರೂ ಒಟ್ಟಿಗೆ ಇಟ್ಟು ನೋಡಿರುವುದಿಲ್ಲ. ಇಟ್ಟು ತೋರಿಸಿದ ಡಿಸೈನರ್‌ನನ್ನು ಹೊಂದಿಕೊಳ್ಳದವರು ಎನ್ನುವುದು ಅಷ್ಟು ಸುಲಭವಲ್ಲ.

ಇಷ್ಟಾದರೂ ಮೊದಲಿನಂತೆಯೇ ಮಾಡಿ ಎಂದರೆ, ಆರೋಪದ ದನಿಯಿಲ್ಲದ ನಾಲ್ಕು ಸಾಲಿನ ಇಮೇಲ್ ಕಳುಹಿಸಿ: ಯಾವ ಬಟನ್ ಬಗ್ಗೆ ನಿಮ್ಮ ಆಕ್ಷೇಪ, ಬಳಕೆದಾರರು ಅದನ್ನು ಹೇಗೆ ತಪ್ಪಾಗಿ ಓದಬಹುದು, ನೀವು ಸೂಚಿಸಿದ ಬದಲಿ ಯಾವುದು, ಕಾನೂನು ವಿಭಾಗದ ಅಭಿಪ್ರಾಯ ಕೇಳಬಹುದೇ. ಇದನ್ನು ಮುಂದೆಂದೋ ಸೇಡು ತೀರಿಸಿಕೊಳ್ಳುವ ಅಸ್ತ್ರವೆಂದು ಭಾವಿಸಬೇಡಿ. ಬಾಯಿಮಾತಿನ ಸೂಚನೆ ಬರಹಕ್ಕೆ ಇಳಿದಾಗ ಎಷ್ಟೋ ಬಾರಿ ತಾನಾಗಿಯೇ ಮೆದುವಾಗುತ್ತದೆ. ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪನಿಯ ಮೇಲಿನ ಪ್ರಕರಣದಲ್ಲಿ, ನಿದ್ರಾಸ್ಥಿತಿಯಲ್ಲಿದ್ದ ಆಟವನ್ನು ಎಬ್ಬಿಸಲು ಒತ್ತಿದ ಬಟನ್ ಕೂಡ ಖರೀದಿಗೆ ದಾರಿಯಾಗುತ್ತಿತ್ತು ಎಂದು ಟ್ರೇಡ್ ಕಮಿಷನ್ ದೂರಿತು. ಹತ್ತು ಲಕ್ಷಕ್ಕೂ ಹೆಚ್ಚು ಬಳಕೆದಾರರ ದೂರುಗಳನ್ನಷ್ಟೇ ಅಲ್ಲ, ನೌಕರರು ಮತ್ತೆ ಮತ್ತೆ ಎತ್ತಿದ ಆತಂಕವನ್ನೂ ಕಂಪನಿ ಕಡೆಗಣಿಸಿತೆಂದು ಹೇಳಿತು. 2022ರ ಡಿಸೆಂಬರ್‌ನಲ್ಲಿ ಕಂಪನಿ ಈ ಒಂದು ವಿಷಯಕ್ಕೆ 24.5 ಕೋಟಿ ಡಾಲರ್ ತೆರಲು ಒಪ್ಪಿತು. ನೌಕರರು ಹೇಳಿದ್ದು ದಾಖಲೆಯಲ್ಲಿ ಉಳಿದಿತ್ತು.

ಬಡ್ತಿಯ ಮಾತಿಗೆ ಬಂದರೆ, ಅದು ಕೈತಪ್ಪುವ ಸಾಧ್ಯತೆ ಇಲ್ಲವೆಂದು ಹೇಳಲಾರೆ. ಪುಟಗಳ ಸಂಖ್ಯೆಯ ವಿಷಯದಲ್ಲಿ ನೀವು ರಾಜಿಯಾಗಬಹುದು. ‘ಮುಂದುವರಿಯಿರಿ’ ಬಟನ್ ವಿಷಯದಲ್ಲಿ ಆಗಬಾರದು ಎಂಬುದು ನನ್ನ ಅಭಿಪ್ರಾಯ. ಆ ಒಂದನ್ನು ಬಿಟ್ಟು ಉಳಿದ ಕೆಲಸ ಮುಗಿಸಿ ಕೊಡುತ್ತೇನೆಂದು ನೇರವಾಗಿ ಹೇಳಿ. ಅಷ್ಟಕ್ಕೇ ಬಡ್ತಿ ನಿಲ್ಲುವ ಕಡೆ, ಬಡ್ತಿ ಪಡೆದ ಮೇಲೆ ನಿಮ್ಮಿಂದ ಏನನ್ನು ನಿರೀಕ್ಷಿಸುತ್ತಾರೆಂಬುದೂ ನಿಮಗೆ ತಿಳಿದಂತಾಯಿತು.

ಪ್ರಶ್ನೆ: ಎಂಟು ವರ್ಷಗಳ ಅನುಭವವಿರುವ ಸೀನಿಯರ್ ಡಿಸೈನರ್ ನಾನು. ಜನರನ್ನು ನಿಭಾಯಿಸುವ ಕೆಲಸ ನನಗೆ ಒಗ್ಗುವುದಿಲ್ಲ, ಆದರೆ ಮ್ಯಾನೇಜರ್ ಆಗದ ಹೊರತು ನೈತಿಕ ಪ್ರಶ್ನೆಗಳಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲವೆಂದು ಅನಿಸುತ್ತದೆ. ಬೇರೆ ದಾರಿ ಇದೆಯೇ?

ಉತ್ತರ: ಮೇಲಿನ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಅಲ್ಲಿ ನಿಜವಾದ ತೀರ್ಮಾನ ಆದದ್ದು ಬಟನ್‌ನ ಬಣ್ಣದಲ್ಲಿ ಅಲ್ಲ. ‘ಜನ ಬಿಟ್ಟುಹೋಗುವ ಕಾರಣಗಳನ್ನು ಕಡಿಮೆ ಮಾಡಿ’ ಎನ್ನುವ ಬದಲು ‘ರದ್ದು ಮಾಡುವವರ ಸಂಖ್ಯೆಯನ್ನು ಇಳಿಸಿ’ ಎಂದು ಯಾರೋ ತ್ರೈಮಾಸಿಕದ ಗುರಿಯಾಗಿ ಬರೆದ ದಿನವೇ ಅದು ಆಗಿಹೋಗಿತ್ತು. ಆ ಗುರಿ ಕೆಳಗಿಳಿದು ಬಂದಾಗ ಡಿಸೈನರ್ ಕೈಯಲ್ಲಿ ಉಳಿದದ್ದು ಎಷ್ಟು ಬಚ್ಚಿಡುವುದು ಎಂಬ ಪ್ರಶ್ನೆ ಮಾತ್ರ. ಆದ್ದರಿಂದ ಈ ವೃತ್ತಿಯಲ್ಲಿ ಬೆಳವಣಿಗೆ ಎಂದರೆ ಪುಟದಿಂದ ಗುರಿಯ ಕಡೆಗೆ ಸರಿಯುವುದು ಎಂದು ನಾನು ತಿಳಿದಿದ್ದೇನೆ. ಆರಂಭದಲ್ಲಿ ನಿಮಗೆ ಒಂದು ಪುಟ ಕೊಡುತ್ತಾರೆ, ಆಮೇಲೆ ಒಂದು ಇಡೀ ದಾರಿಯನ್ನು ಕೊಡುತ್ತಾರೆ, ಇನ್ನೂ ಮೇಲೆ ಹೋದಂತೆ ಏನನ್ನು ಅಳೆಯಬೇಕೆಂದು ನಿಮ್ಮನ್ನು ಕೇಳುತ್ತಾರೆ. ಈ ಕೊನೆಯ ಜಾಗಕ್ಕೆ ತಲುಪಲು ಮ್ಯಾನೇಜರ್ ಹುದ್ದೆ ಒಂದು ದಾರಿ, ಜನರನ್ನು ನಿಭಾಯಿಸುವ ಹೊಣೆಯಿಲ್ಲದ ಹಿರಿಯ ಹುದ್ದೆ, ಅಂದರೆ ಸ್ಟಾಫ್ ಅಥವಾ ಪ್ರಿನ್ಸಿಪಲ್ ಡಿಸೈನರ್ ಹುದ್ದೆ, ಇನ್ನೊಂದು.

ಎರಡನೆಯದು ಎಷ್ಟೋ ಕಡೆ ಹೆಸರಿಗಷ್ಟೇ ಇರುತ್ತದೆ. ನಿಮ್ಮ ಕಂಪನಿಯಲ್ಲಿ ಆ ಹುದ್ದೆಯಲ್ಲಿ ಈಗ ಯಾರಾದರೂ ಇದ್ದಾರೆಯೇ, ಇದ್ದರೆ ಕಳೆದ ತ್ರೈಮಾಸಿಕದ ಗುರಿಗಳನ್ನು ಬರೆದ ಸಭೆಯಲ್ಲಿ ಅವರಿದ್ದರೇ ಎಂದು ವಿಚಾರಿಸಿ. ಇರಲಿಲ್ಲವೆಂದಾದರೆ ಅದು ಸಂಬಳ ಹೆಚ್ಚಿಸಲು ಮಾಡಿಟ್ಟ ಹುದ್ದೆ. ಸಂಬಳ ಹೆಚ್ಚುವುದು ಸಣ್ಣ ವಿಷಯವೇನಲ್ಲ, ಆದರೆ ನೀವು ಕೇಳಿದ್ದು ಅದನ್ನಲ್ಲ.

ಹುದ್ದೆಗಾಗಿ ಕಾಯದೆಯೂ ಆ ಕಡೆಗೆ ಸರಿಯಬಹುದು. ಗುರಿ ಬರೆಯುವ ಸಭೆಗೆ ಮೂರು ವಾರ ಮೊದಲು, ಬಳಕೆದಾರರು ಬಿಟ್ಟುಹೋದ ಕಾರಣಗಳ ಎರಡು ಪುಟದ ಟಿಪ್ಪಣಿ ಸಿದ್ಧಪಡಿಸಿ ಪ್ರಾಡಕ್ಟ್ ಮತ್ತು ಡೇಟಾ ತಂಡದವರಿಗೆ ತಲುಪಿಸಿ. ಸಭೆ ಮುಗಿದ ಮೇಲೆ ಬರುವ ಅತ್ಯುತ್ತಮ ಸಂಶೋಧನೆಗಿಂತ ಸಭೆಗೆ ಮೊದಲು ಬರುವ ಸಾಧಾರಣ ಟಿಪ್ಪಣಿಗೆ ಹೆಚ್ಚು ಬೆಲೆ. ಕಂಪನಿಗೆ ಹಣ ಎಲ್ಲಿಂದ ಬರುತ್ತದೆ, ಯಾವ ವೆಚ್ಚ ಎಲ್ಲಿ ದಾಖಲಾಗುತ್ತದೆ ಎಂಬುದನ್ನು ಕಲಿಯಿರಿ. ಡೇಟಾಬೇಸ್‌ನಿಂದ ಸರಳ ಮಾಹಿತಿಯನ್ನು ನೀವೇ ತೆಗೆಯುವಷ್ಟು ಎಸ್‌ಕ್ಯೂಎಲ್ ಗೊತ್ತಿದ್ದರೆ ಇನ್ನೊಬ್ಬರ ಬಿಡುವಿಗೆ ಕಾಯಬೇಕಾಗುವುದಿಲ್ಲ. ಪುಟಗಳನ್ನು ವಿನ್ಯಾಸ ಮಾಡುವ ತಂತ್ರಾಂಶ ಫಿಗ್ಮಾದಲ್ಲಿ ಇನ್ನಷ್ಟು ನುರಿತರೆ ಈ ಮಟ್ಟದಲ್ಲಿ ಹೆಚ್ಚಿನ ಉಪಯೋಗವಿಲ್ಲ ಎಂದರೆ ಕೆಲವರಿಗೆ ಬೇಸರವಾದೀತು.

ಮ್ಯಾನೇಜರ್ ಹುದ್ದೆಗೆ ಮಾತ್ರ ಇರುವ ಒಂದು ಅಧಿಕಾರವನ್ನೂ ಹೇಳಬೇಕು: ಬಡ್ತಿಯ ಮಾನದಂಡ ಬರೆಯುವ ಅಧಿಕಾರ. ‘ಸಂಖ್ಯೆ ಎಷ್ಟು ಏರಿಸಿದಿರಿ’ ಎಂಬುದರ ಜೊತೆಗೆ ‘ಯಾವುದನ್ನು ಮಾಡಬಾರದೆಂದು ಆಧಾರಸಹಿತ ತೋರಿಸಿದಿರಿ’ ಎಂಬ ಪ್ರಶ್ನೆಯೂ ಆ ಮಾನದಂಡದಲ್ಲಿದ್ದರೆ, ಮೊದಲ ಪತ್ರ ಬರೆದವರಂಥ ಕಿರಿಯರಿಗೆ ಅಷ್ಟು ಭಯವಿರುತ್ತಿರಲಿಲ್ಲ. ಈ ಕಾರಣಕ್ಕಾಗಿಯಾದರೂ ಕೆಲವರು ಒಲ್ಲದ ಮನಸ್ಸಿನಿಂದ ಆ ಹುದ್ದೆಗೆ ಹೋಗುವುದು ಒಳ್ಳೆಯದೇ.

ಪ್ರಶ್ನೆ: ಕೆಲಸ ಬದಲಿಸಲು ಪೋರ್ಟ್‌ಫೋಲಿಯೊ ಸಿದ್ಧಪಡಿಸುತ್ತಿದ್ದೇನೆ. ನಮ್ಮ ತಂಡದ ಕೆಲಸದಿಂದ ನೋಂದಣಿ ಶೇ 30ರಷ್ಟು ಹೆಚ್ಚಿತು ಎಂದು ಬರೆದುಕೊಳ್ಳಬಹುದೇ? ನಾನು ಮಾಡಿದ್ದು ಎರಡು ಪುಟಗಳನ್ನು ಮಾತ್ರ. ಗೌಪ್ಯತೆಯ ಒಪ್ಪಂದಕ್ಕೂ ಸಹಿ ಹಾಕಿದ್ದೇನೆ.

ಉತ್ತರ: ಬರೆದುಕೊಳ್ಳಬಹುದು, ಆದರೆ ‘ನಾನು’ ಮತ್ತು ‘ನಾವು’ ಬೇರೆಬೇರೆಯಾಗಿ ಕಾಣಬೇಕು. ‘ಆರು ಮಂದಿಯ ತಂಡದಲ್ಲಿ ವಿಳಾಸ ಮತ್ತು ಪಾವತಿಯ ಪುಟಗಳು ನನ್ನವು, ಅದೇ ಅವಧಿಯಲ್ಲಿ ಜಾಹೀರಾತೂ ಹೆಚ್ಚಿದ್ದರಿಂದ ಈ ಏರಿಕೆಯಲ್ಲಿ ವಿನ್ಯಾಸದ ಪಾಲು ಎಷ್ಟೆಂದು ಪ್ರತ್ಯೇಕಿಸಲಾಗಿಲ್ಲ’ ಎಂದು ಬರೆದವರ ಮೇಲೆ ಅನುಭವಿ ಸಂದರ್ಶಕರಿಗೆ ವಿಶ್ವಾಸ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆ ಶೇ 30 ಯಾವ ಸಂಖ್ಯೆಯಿಂದ ಎಲ್ಲಿಗೆ, ಎಷ್ಟು ದಿನಗಳಲ್ಲಿ ಎಂಬ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ತಡವರಿಸಿದರೆ ನೀವು ನಿಜವಾಗಿ ಮಾಡಿದ ಎರಡು ಪುಟಗಳೂ ಸಂಶಯಕ್ಕೆ ಒಳಗಾಗುತ್ತವೆ.

ಒಪ್ಪಂದದ ವಿಷಯದಲ್ಲಿ, ಪೋರ್ಟ್‌ಫೋಲಿಯೊಗೆ ಪಾಸ್‌ವರ್ಡ್ ಹಾಕಿದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ, ಪಾಸ್‌ವರ್ಡ್ ಅನುಮತಿಯಲ್ಲ. ಈಗಾಗಲೇ ಸಾರ್ವಜನಿಕರ ಕೈಗೆ ಬಂದಿರುವ ಪುಟಗಳನ್ನು ತೋರಿಸುವುದಕ್ಕೂ ಹಳೆಯ ಕಂಪನಿಯಿಂದ ಇಮೇಲ್‌ನಲ್ಲಿ ಒಪ್ಪಿಗೆ ಕೇಳಿ. ಬಿಡುಗಡೆಯಾಗದ ಕೆಲಸ, ಒಳಗಿನ ಅಂಕಿಅಂಶ, ಬಳಕೆದಾರರ ಸಂದರ್ಶನದ ದೃಶ್ಯಗಳನ್ನು ತೋರಿಸಲೇಬೇಡಿ. ಹೊಸ ಕಂಪನಿಯವರು ಅವನ್ನು ಆಸಕ್ತಿಯಿಂದ ನೋಡಿಯಾರು, ಆದರೆ ನಾಳೆ ನಮ್ಮ ಗುಟ್ಟನ್ನೂ ಹೀಗೆಯೇ ತೋರಿಸುತ್ತಾರೆಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತಾರೆ. ವಿನ್ಯಾಸದ ಯೋಚನೆಯನ್ನಷ್ಟೇ ಉಳಿಸಿಕೊಂಡು, ಕಾಲ್ಪನಿಕ ಹೆಸರು ಮತ್ತು ಅಂಕಿಗಳೊಂದಿಗೆ ಪುಟಗಳನ್ನು ಹೊಸದಾಗಿ ಬರೆದು ತೋರಿಸುವ ಪರಿಪಾಠವೂ ಇದೆ. ಹಾಗೆ ಮಾಡಿದ್ದೀರೆಂದು ಅಲ್ಲೇ ನಮೂದಿಸಿ.

ಪ್ರಶ್ನೆ: ನಾವು ಬಳಕೆದಾರರಿಗೆ ತಿಳಿಸದೆ ಪ್ರತಿ ವಾರ ಎ/ಬಿ ಟೆಸ್ಟ್ ನಡೆಸುತ್ತೇವೆ. ಇದು ಅನೈತಿಕವೇ?

ಉತ್ತರ: ಎಲ್ಲ ಪರೀಕ್ಷೆಗಳೂ ಅಲ್ಲ. ಬಟನ್ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ನೋಡಲು ಪ್ರತಿಯೊಬ್ಬರ ಒಪ್ಪಿಗೆ ಪಡೆಯಬೇಕೆಂದು ಯಾರೂ ಹೇಳುವುದಿಲ್ಲ. ವಿನ್ಯಾಸವನ್ನು ಪರೀಕ್ಷಿಸುವುದು ಬಿಟ್ಟು ಮನುಷ್ಯರನ್ನೇ ಪರೀಕ್ಷಿಸತೊಡಗಿದಾಗ ವಿಷಯ ಬೇರೆಯಾಗುತ್ತದೆ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ ಕಾಲ 6,89,003 ಬಳಕೆದಾರರ ನ್ಯೂಸ್ ಫೀಡ್‌ನಲ್ಲಿ ಸಂತಸದ ಅಥವಾ ದುಃಖದ ಪೋಸ್ಟ್‌ಗಳನ್ನು ಕಡಿಮೆ ಮಾಡಿ, ಅವರು ಬರೆಯುವುದರಲ್ಲಿ ಬದಲಾವಣೆ ಆಗುತ್ತದೆಯೇ ಎಂದು ಗಮನಿಸಿತು. 2014ರಲ್ಲಿ ಆ ಪ್ರಬಂಧ ಪ್ರಕಟವಾದಾಗ ದೊಡ್ಡ ವಿವಾದವೆದ್ದು, ಒಪ್ಪಿಗೆಯ ವಿಚಾರದಲ್ಲಿ ಪ್ರಕಟಿಸಿದ ನಿಯತಕಾಲಿಕದ ಸಂಪಾದಕರೇ ಕಳವಳದ ಟಿಪ್ಪಣಿ ಹೊರಡಿಸಬೇಕಾಯಿತು. ಕಂಡುಬಂದ ಪರಿಣಾಮ ಅತ್ಯಲ್ಪ, ಆದರೆ ಜನರ ಆಕ್ಷೇಪವಿದ್ದದ್ದು ಪರಿಣಾಮದ ಗಾತ್ರದ ಬಗ್ಗೆ ಅಲ್ಲ.

ನಿಮ್ಮ ತಂಡಕ್ಕೆ ಬೇಕಾದದ್ದು ಒಂದು ಸಣ್ಣ ಜರಡಿ. ಪರೀಕ್ಷೆಯು ಹಣ, ಆರೋಗ್ಯ, ಮನಃಸ್ಥಿತಿ, ಮಕ್ಕಳು ಅಥವಾ ಖಾಸಗಿ ಮಾಹಿತಿಯನ್ನು ಮುಟ್ಟುತ್ತದೆಯೇ? ಮುಟ್ಟಿದರೆ, ಆ ಪರೀಕ್ಷೆಯನ್ನು ನಡೆಸುವವರಲ್ಲದ ಒಬ್ಬರು ಅದನ್ನು ಮೊದಲು ಓದಬೇಕು, ಮತ್ತು ಯಾವ ಹಂತದಲ್ಲಿ ನಿಲ್ಲಿಸುತ್ತೇವೆಂದು ಮೊದಲೇ ಬರೆದಿಟ್ಟಿರಬೇಕು. ಎದುರು ಕುಳಿತು ಮಾಡುವ ಬಳಕೆ ಪರೀಕ್ಷೆಗಳಲ್ಲಂತೂ ಒಪ್ಪಿಗೆ ಕಡ್ಡಾಯ: ಏನನ್ನು ರೆಕಾರ್ಡ್ ಮಾಡುತ್ತೀರಿ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂದು ಮೊದಲೇ ತಿಳಿಸಬೇಕು, ಮಧ್ಯದಲ್ಲಿ ಎದ್ದು ಹೋದರೂ ಒಪ್ಪಿದ ಗೌರವಧನ ಸಿಗುತ್ತದೆ ಎಂದೂ ಹೇಳಬೇಕು.

ಪ್ರಶ್ನೆ: ಅಂಗವಿಕಲರಿಗೆ ಬಳಸಲು ಸುಲಭವಾಗುವಂತೆ ಮಾಡೋಣವೆಂದರೆ ‘ಅದು ಮುಂದಿನ ಆವೃತ್ತಿಗೆ’ ಎನ್ನುತ್ತಾರೆ. ಮುಂದಿನ ಆವೃತ್ತಿ ಬರುವುದೇ ಇಲ್ಲ.

ಉತ್ತರ: ಪ್ರತ್ಯೇಕ ಕೆಲಸವೆಂದು ಅನುಮತಿ ಕೇಳಿದರೆ ಅದು ಮುಂದೂಡಿಕೆಯಾಗುತ್ತಲೇ ಇರುತ್ತದೆ. ನಿಮ್ಮ ಕೈಯಲ್ಲಿಯೇ ಇರುವ ಭಾಗವನ್ನು ಕೇಳದೆಯೇ ಮಾಡಿ. ಜಾಲತಾಣಗಳನ್ನು ಅಂಗವಿಕಲರೂ ಬಳಸುವಂತಿರಲು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿಯ ಎಎ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ಅನುಪಾತದ ವ್ಯತ್ಯಾಸ ಇರಬೇಕು. 2023ರ ಅಕ್ಟೋಬರ್‌ನಲ್ಲಿ ಬಂದ 2.2 ಆವೃತ್ತಿಯ ಪ್ರಕಾರ ಒತ್ತುವ ಜಾಗ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕನಿಷ್ಠ 24 x 24 ಪಿಕ್ಸೆಲ್ ಇರಬೇಕು. ತಂಡವೆಲ್ಲ ಹಂಚಿಕೊಂಡು ಬಳಸುವ ವಿನ್ಯಾಸದ ಬಿಡಿಭಾಗಗಳ ಸಂಗ್ರಹದಲ್ಲಿ, ಅಂದರೆ ಡಿಸೈನ್ ಸಿಸ್ಟಂನಲ್ಲಿ, ಬಣ್ಣ ಮತ್ತು ಬಟನ್‌ಗಳನ್ನು ಈ ಅಳತೆಗೆ ಒಮ್ಮೆ ತಿದ್ದಿಟ್ಟರೆ, ಅದನ್ನು ಬಳಸುವ ಪ್ರತಿ ಪುಟಕ್ಕೂ ಅದು ತಾನಾಗಿ ಹರಡುತ್ತದೆ. ಯುರೋಪಿನ ಗ್ರಾಹಕರಿದ್ದರೆ, ಯುರೋಪಿಯನ್ ಪ್ರವೇಶಾರ್ಹತಾ ಕಾಯ್ದೆ 2025ರ ಜೂನ್ 28ರಿಂದ ಅನ್ವಯವಾಗಿರುವುದನ್ನು ತಿಳಿಸಿ. ‘ಮುಂದಿನ ಆವೃತ್ತಿ’ ಎಂಬ ಉತ್ತರ ಆಗ ಕಾನೂನು ವಿಭಾಗದವರಿಗೆ ಹಿಡಿಸುವುದಿಲ್ಲ. ವೃತ್ತಿಯ ದೃಷ್ಟಿಯಿಂದಲೂ ಇದನ್ನು ಆಳವಾಗಿ ಬಲ್ಲವರು ಕಡಿಮೆ; ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ತಾವು ಮಾಡಿದ ಆ್ಯಪ್ ಅನ್ನು ತಾವೇ ಬಳಸಿ ನೋಡಿದ ಡಿಸೈನರ್‌ಗಳು ಇನ್ನೂ ಕಡಿಮೆ.

ಪ್ರಶ್ನೆ: ಸಮಯವಿಲ್ಲದಾಗ ಬಳಕೆದಾರರ ಸಂದರ್ಶನದ ಬದಲು ಎಐನಿಂದ ಬಳಕೆದಾರರ ಉತ್ತರಗಳನ್ನು ಬರೆಸಿ ವರದಿಗೆ ಸೇರಿಸಬಹುದೇ?

ಉತ್ತರ: ಸಂದರ್ಶನದ ಪ್ರಶ್ನಾವಳಿಯನ್ನು ತಿದ್ದಲು, ಯಾವ ಪ್ರಶ್ನೆ ಬಿಟ್ಟುಹೋಗಿದೆ ಎಂದು ನೋಡಲು ಧಾರಾಳವಾಗಿ ಬಳಸಿ. ‘ಬಳಕೆದಾರರು ಹೀಗೆಂದರು’ ಎಂದು ವರದಿಯಲ್ಲಿ ಬರೆಯುವುದಾದರೆ ಒಬ್ಬ ಬಳಕೆದಾರರು ಹಾಗೆ ಅಂದಿರಬೇಕು. ಸಮಯವಿಲ್ಲದಿದ್ದರೆ ಮೂವರೊಂದಿಗೆ ಅರ್ಧ ಗಂಟೆ ಮಾತನಾಡಿ, ಮೂವರೊಂದಿಗೆ ಮಾತ್ರ ಮಾತನಾಡಿದ್ದೇವೆಂದು ಬರೆಯಿರಿ.

ಪ್ರಶ್ನೆ: ಹಣ ಕಟ್ಟಿ ಆಡುವ ಬೆಟ್ಟಿಂಗ್ ಆ್ಯಪ್ ಕಂಪನಿಯೊಂದು ಈಗಿನ ಸಂಬಳದ ಎರಡು ಪಟ್ಟು ಕೊಡಲು ಮುಂದೆ ಬಂದಿದೆ, ಹುದ್ದೆಯೂ ದೊಡ್ಡದು. ಮನೆಯ ಮೇಲೆ ಸಾಲವಿದೆ. ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ಸಾಲವಿರುವವರಿಗೆ ದೂರದಲ್ಲಿ ಕುಳಿತು ನೀತಿ ಹೇಳುವುದು ಸರಿಯಲ್ಲ, ಹಾಗಾಗಿ ತೀರ್ಮಾನಕ್ಕೆ ಬೇಕಾದ ಮಾಹಿತಿಯನ್ನು ಪಡೆಯುವ ಬಗೆಯನ್ನಷ್ಟೇ ಹೇಳುತ್ತೇನೆ. ಮೊದಲಿಗೆ, ನಿಮ್ಮ ಊರಿನ ಕಾನೂನು ಆ ವ್ಯವಹಾರಕ್ಕೆ ಅನುಮತಿ ಕೊಡುತ್ತದೆಯೇ ಎಂದು ನೋಡಿ. ಇಲ್ಲವಾದರೆ ಮುಂದಿನದನ್ನು ಓದುವ ಅಗತ್ಯವಿಲ್ಲ. ಸಂದರ್ಶನದ ಕೊನೆಯಲ್ಲಿ, ಏನಾದರೂ ಕೇಳುವುದಿದೆಯೇ ಎಂದು ಅವರು ವಿಚಾರಿಸಿದಾಗ ಮೂರು ವಿಷಯಗಳನ್ನು ಕೇಳಿ. ಆದಾಯದ ಎಷ್ಟು ಪಾಲು ಅತಿ ಹೆಚ್ಚು ಕಳೆದುಕೊಳ್ಳುವ ಕೆಲವೇ ಗ್ರಾಹಕರಿಂದ ಬರುತ್ತದೆ? ದಿನಕ್ಕೆ ಇಷ್ಟೇ ಹಣ ಎಂದು ಆಟಗಾರರು ಮಿತಿ ಹಾಕಿಕೊಳ್ಳುವ ಸೌಲಭ್ಯ ಎಷ್ಟು ಕ್ಲಿಕ್‌ಗಳ ಆಚೆ ಇದೆ, ಅದನ್ನು ಅಲ್ಲಿಡಲು ತೀರ್ಮಾನಿಸಿದವರು ಯಾರು? ಬಳಕೆದಾರರಿಗೆ ಹಾನಿಯಾಗುತ್ತದೆಂದು ಈ ಒಂದು ವರ್ಷದಲ್ಲಿ ನಿಲ್ಲಿಸಿದ ಕೆಲಸ ಯಾವುದು? ಮೊದಲನೆಯದಕ್ಕೆ ಉತ್ತರ ಸಿಗದೆ ಹೋಗಬಹುದು. ಮೂರನೆಯದಕ್ಕೆ ಒಂದು ಉದಾಹರಣೆಯನ್ನೂ ಕೊಡಲಾರದ ಕಂಪನಿಯಲ್ಲಿ, ಹುದ್ದೆ ಎಷ್ಟೇ ದೊಡ್ಡದಿದ್ದರೂ ನಿಲ್ಲಿಸಿ ಎಂದು ಹೇಳುವ ಅಧಿಕಾರ ಅದರ ಜೊತೆ ಬರುವುದಿಲ್ಲ.

ಇವುಗಳ ಮೇಲೆಯೂ ಸೇರುವುದೇ ಸರಿಯೆಂದು ಕಂಡರೆ, ಎಷ್ಟು ಕಾಲಕ್ಕೆ ಎಂದು ಈಗಲೇ ತೀರ್ಮಾನಿಸಿ, ಹೆಚ್ಚಿನ ಸಂಬಳವನ್ನೆಲ್ಲ ಸಾಲಕ್ಕೆ ಕಟ್ಟಿ, ಮನೆಯ ಖರ್ಚನ್ನು ಹಳೆಯ ಸಂಬಳದ ಮಟ್ಟದಲ್ಲಿಯೇ ಇಡಿ. ಮುಂದೆ ಬೇರೆ ಕಡೆ ಸಂದರ್ಶನಕ್ಕೆ ಹೋದಾಗ ಅಲ್ಲಿ ಏನು ಮಾಡಿದಿರಿ ಎಂದು ಕೇಳಿಯೇ ಕೇಳುತ್ತಾರೆ. ಮಿತಿ ಹಾಕುವ ಆ ಸೌಲಭ್ಯವನ್ನು ನಾಲ್ಕು ಕ್ಲಿಕ್‌ಗಳ ಆಚೆಯಿಂದ ಮುಖಪುಟಕ್ಕೆ ತಂದೆ ಎಂದು ಹೇಳುವಂತಿದ್ದರೆ ಹೋಗಿ. ಅದನ್ನು ಮುಟ್ಟಲು ಬಿಡುವುದಿಲ್ಲವೆಂದು ಮೊದಲ ಮಾತುಕತೆಯಲ್ಲಿಯೇ ತಿಳಿದುಹೋದರೆ, ಸಂಬಳದ ಮಾತುಕತೆಯನ್ನು ಇನ್ನೊಂದು ಕಂಪನಿಯೊಂದಿಗೆ ಆರಂಭಿಸಿ.